ನೀಲಗಾರರ ಮೇಳವೂ ರಾಕ್ ತಂಡಗಳೂ: ಒಂದು ತೌಲನಿಕ ವಿವೇಚನೆ

ಹೋಲಿಸಿ ನೋಡುವುದು ಮನುಷ್ಯನಿಗೆ ಹುಟ್ಟಿನಿಂದ ಬಂದ ಗುಣ. ಸಂತೆಯಲ್ಲಿ ಎರಡು ಬದನೆಕಾಯಿಗಳನ್ನು ಕೈಯಲ್ಲಿ ಹಿಡಿದು ತೂಗಿ ನೋಡುವ ತಾಯಿಯಿಂದ ಹಿಡಿದು ಎರಡು ಮಹಾಕಾವ್ಯಗಳನ್ನು ಎದುರೆದುರು ಇರಿಸಿಕೊಂಡು ಓದುವ ವಿದ್ವಾಂಸರವರೆಗೆ ಎಲ್ಲರೂ ಮಾಡುವುದು ಒಂದೇ ಕೆಲಸ. ಒಂದೇ ಗಿಡದ ಎರಡು ಕಾಯಿಗಳನ್ನು ಹೋಲಿಸುವುದು ಸುಲಭ. ಕಾಲ, ದೇಶ, ಭಾಷೆ, ಕುಲ ಎಲ್ಲವೂ ಬೇರೆಯಾದ ಎರಡನ್ನು ಹೋಲಿಸಹೊರಟರೆ ಮಾತ್ರ ಕೇಳಿದವರು ನಗುತ್ತಾರೆ. ಈ ಲೇಖನದಲ್ಲಿ ಕೈಗೊಂಡಿರುವುದು ಅಂಥ ನಗೆಗೀಡಾಗಬಹುದಾದ ಕೆಲಸವನ್ನೇ. ನಮ್ಮ ಸೀಮೆಯ ನೀಲಗಾರರ ಮೇಳವನ್ನೂ, 1960ರ ದಶಕದಿಂದೀಚೆಗೆ ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿದ ಕೆಲವು ರಾಕ್ ತಂಡಗಳನ್ನೂ, ಇತ್ತೀಚಿನ ಕನ್ನಡ ತಂಡಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ನೋಡುವುದು ಇಲ್ಲಿನ ಉದ್ದೇಶ. ವಾಚಕರು ಸ್ವಲ್ಪ ತಾಳ್ಮೆಯಿಂದ ಕೊನೆಯವರೆಗೆ ಓದಬೇಕೆಂದು ಪ್ರಾರ್ಥನೆ.

ಮೊದಲು ಹೋಲಿಕೆಯ ನಿಯಮವನ್ನು ಗೊತ್ತುಮಾಡಿಕೊಳ್ಳೋಣ. ನಿಯಮಕ್ಕಾಗಿ ದೂರ ಹೋಗಬೇಕಾದ್ದಿಲ್ಲ. ನಮ್ಮ ಕನ್ನಡ ತರಗತಿಯ ಅಲಂಕಾರ ಪಾಠದಲ್ಲಿಯೇ ಅದು ಇದೆ. ಉಪಮೆಗೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ಸಮಾನಧರ್ಮ ಮತ್ತು ಉಪಮಾವಾಚಕ. “ಅಜ್ಜನ ಗಡ್ಡ ಹತ್ತಿಯಂತೆ ಬೆಳ್ಳಗಿದೆ” ಎಂದಾಗ ಗಡ್ಡ ಉಪಮೇಯ, ಹತ್ತಿ ಉಪಮಾನ, ‘ಅಂತೆ’ ವಾಚಕ, ಬೆಳ್ಳಗಿರುವುದು ಸಮಾನಧರ್ಮ. ಈ ನಾಲ್ಕರಲ್ಲಿ ಪ್ರಾಣವಿರುವುದು ಸಮಾನಧರ್ಮದಲ್ಲಿ. ಯಾವ ಗುಣದಲ್ಲಿ ಎರಡೂ ಒಂದು ಎಂಬುದನ್ನು ಬಾಯಿಬಿಟ್ಟು ಹೇಳಲಾರದವನು ಹೋಲಿಸುವ ಗೋಜಿಗೆ ಹೋಗಬಾರದು. ಆದುದರಿಂದ ಮುಂದೆ ಬರುವ ಪ್ರತಿಯೊಂದು ಜೋಡಿಯಲ್ಲಿಯೂ ಸಮಾನಧರ್ಮ ಯಾವುದು, ಅದು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಹೇಳಲು ಪ್ರಯತ್ನಿಸಿದ್ದೇನೆ.

ನೀಲಗಾರರು ಯಾರು?

ನಮ್ಮ ಭಾಗದವರಿಗೆ ಈ ಪ್ರಶ್ನೆ ಬೇಡ. ಹೊರಜಿಲ್ಲೆಗಳಿಂದ ಬಂದ ಅಧ್ಯಾಪಕರಿಗೂ ಸಹಪಾಠಿಗಳಿಗೂ ಎರಡು ಮಾತು ಅಗತ್ಯ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ಧಪ್ಪಾಜಿ ಮೊದಲಾದ ಮಹಿಮರ ಕಥೆಯನ್ನು ಹಾಡುವ ದೀಕ್ಷಾಬದ್ಧ ಗಾಯಕರೇ ನೀಲಗಾರರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಕಾವೇರಿಯ ದಡದ ಕಪ್ಪಡಿ, ನಮ್ಮ ಜಿಲ್ಲೆಯದೇ ಆದ ಚಿಕ್ಕಲ್ಲೂರು ಈ ಪರಂಪರೆಯ ಮುಖ್ಯ ಕ್ಷೇತ್ರಗಳು. ನೀಲಗಾರರಲ್ಲಿ ದಲಿತರೇ ಹೆಚ್ಚು. ಒಕ್ಕಲುಗಳಾಗಿ ನಡೆದುಕೊಳ್ಳುವವರಲ್ಲಿ ಹಲವು ಜಾತಿಯವರಿದ್ದಾರೆ. ಮುಖ್ಯ ಗಾಯಕನ ಹೆಗಲಿನಲ್ಲಿ ತಂಬೂರಿ, ಜೊತೆಗೆ ಗಗ್ಗರ. ಹಿಮ್ಮೇಳದವರ ಕೈಯಲ್ಲಿ ದಮ್ಮಡಿ, ತಾಳ. ಮೇಳವೆಂದರೆ ಸಾಮಾನ್ಯವಾಗಿ ನಾಲ್ಕೈದು ಜನ. ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರು ಇವರ ನೆರೆಯ ಬಳಗ. ಈ ಎರಡು ಕಥೆಗಳೂ ಹಲವು ರಾತ್ರಿಗಳ ಹಾಡಿಕೆಗೆ ಸಾಲುವಷ್ಟು ವಿಸ್ತಾರವಾದ ಮಹಾಕಾವ್ಯಗಳು. ಮಾದೇಶ್ವರ ಕಾವ್ಯವನ್ನು ಡಾ. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಅಕ್ಷರ ಬಾರದವರ ನಾಲಗೆಯ ಮೇಲೆ ಇಷ್ಟು ದೊಡ್ಡ ಕಾವ್ಯ ಉಳಿದಿತ್ತೇ ಎಂದು ಓದಿದವರು ಬೆರಗಾಗುವಂಥ ಗ್ರಂಥ ಅದು.

ಮೊದಲನೆಯ ಜೋಡಿ: ತಂಬೂರಿಯ ಶ್ರುತಿ

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ 1960ರಲ್ಲಿ ರೂಪುಗೊಂಡು 1970ರಲ್ಲಿ ಚದುರಿಹೋದ ಬೀಟಲ್ಸ್ ತಂಡದ ಹೆಸರು ಕೇಳದವರು ವಿರಳ. ಬಂದರಿನ ಊರಿನಲ್ಲಿ ಬೆಳೆದ ನಾಲ್ವರು ಯುವಕರು ಹತ್ತು ವರ್ಷಗಳಲ್ಲಿ ಲೋಕದ ಕಿವಿಯನ್ನೇ ಬದಲಾಯಿಸಿದರು. 1965ರಲ್ಲಿ ಅವರಲ್ಲೊಬ್ಬರಾದ ಜಾರ್ಜ್ ಹ್ಯಾರಿಸನ್ ಮೊದಲ ಬಾರಿಗೆ ಸಿತಾರನ್ನು ತಂಡದ ಹಾಡೊಂದರಲ್ಲಿ ನುಡಿಸಿದರು. ಮರುವರ್ಷ, 1966ರಲ್ಲಿ, ‘ರಿವಾಲ್ವರ್’ ಎಂಬ ಆಲ್ಬಮ್ಮಿನ ಕೊನೆಯ ಹಾಡಿಗೆ ತಂಬೂರಿಯ ಶ್ರುತಿಯನ್ನು ಆಧಾರವಾಗಿಟ್ಟರು. ಆ ಹಾಡು ಬಹುಮಟ್ಟಿಗೆ ಒಂದೇ ಸ್ವರಗುಚ್ಛದ ಮೇಲೆ ನಿಂತಿದೆ. ಪಾಶ್ಚಾತ್ಯ ಸಂಗೀತದ ದಾರಿಯೆಂದರೆ ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಹೆಜ್ಜೆಯಿಡುತ್ತ ಸಾಗುವುದು. ಅದನ್ನು ಬಿಟ್ಟು ಒಂದೇ ಕಡೆ ನಿಂತು ಹಾಡುವುದು ಅವರಿಗೆ ದೊಡ್ಡ ಸಾಹಸವಾಗಿ ಕಂಡಿತು. ಕೇಳಿದವರಿಗೂ ಹಾಗೆಯೇ ಕಂಡಿತು.

ನೀಲಗಾರನು ಇದನ್ನು ಸಾಹಸವೆಂದು ಎಣಿಸಿಯೇ ಇಲ್ಲ. ಅವನ ತಂಬೂರಿ ಸಂಜೆ ಹಿಡಿದ ಶ್ರುತಿಯನ್ನು ಬೆಳಗಿನ ಜಾವದವರೆಗೆ ಬಿಡುವುದಿಲ್ಲ. ಕಥೆಯಲ್ಲಿ ಕಲ್ಯಾಣ ಪಟ್ಟಣ ಬರಲಿ, ಹಲಗೂರು ಬರಲಿ, ನಗು ಬರಲಿ, ಗೋಳು ಬರಲಿ, ನೆಲದ ಹಾಗೆ ಶ್ರುತಿ ಕೆಳಗೇ ಇರುತ್ತದೆ. ದನಿ ಮಾತ್ರ ಅದರ ಮೇಲೆ ನಡೆಯುತ್ತದೆ, ಓಡುತ್ತದೆ, ಕೂರುತ್ತದೆ. ಇಲ್ಲಿ ಸಮಾನಧರ್ಮ ಸ್ಪಷ್ಟ: ಬದಲಾಗದ ಒಂದು ನಾದದ ಆಶ್ರಯದಲ್ಲಿ ಕಂಠವು ಸ್ವತಂತ್ರವಾಗುವುದು.

ಭೇದವೂ ಅಷ್ಟೇ ಸ್ಪಷ್ಟ. ಬೀಟಲ್ಸ್ ತಂಡದವರು ಆ ನಾದವನ್ನು ಧ್ವನಿಮುದ್ರಣಾಲಯದ ಯಂತ್ರಗಳ ನಡುವೆ ಕಟ್ಟಿದರು. ಅದೇ 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಟಿಕೆಟ್ಟಿನ ಕಚೇರಿಗಳಿಗೇ ಅವರು ವಿದಾಯ ಹೇಳಿದರು. ಅಭಿಮಾನಿಗಳ ಕಿರುಚಾಟದಲ್ಲಿ ಅವರ ಹಾಡು ಅವರಿಗೇ ಕೇಳಿಸುತ್ತಿರಲಿಲ್ಲ. ನೀಲಗಾರನಿಗೆ ಕೇಳುವವರ ಮೌನ ಬೇಕು, ಅವರ ‘ಹ್ಞೂಂ’ ಕೂಡ ಬೇಕು. ಜನವಿಲ್ಲದ ಕೋಣೆಯಲ್ಲಿ ಕೂತು ಹಾಡು ಎಂದರೆ ಅವನ ಕಥೆ ಮುಂದಕ್ಕೆ ಹೋಗುವುದಿಲ್ಲ.

ಎರಡನೆಯ ಜೋಡಿ: ಇರುಳು ಮತ್ತು ಬಳಗ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ‘ಗ್ರೇಟ್‌ಫುಲ್ ಡೆಡ್’ ಎಂಬ ತಂಡ ಹುಟ್ಟಿತು. ಹೆಸರನ್ನು ಕನ್ನಡಿಸಿದರೆ ‘ಕೃತಜ್ಞನಾದ ಮೃತ’ ಎಂದಾಗುತ್ತದೆ. ಅನಾಥ ಶವವೊಂದಕ್ಕೆ ಸಂಸ್ಕಾರ ಮಾಡಿಸಿದ ಪುಣ್ಯವಂತನಿಗೆ ಆ ಸತ್ತವನೇ ಮುಂದೆ ನೆರವಾಗಿ ಬಂದು ಋಣ ತೀರಿಸುತ್ತಾನೆ ಎಂಬ ಜನಪದ ಕಥೆಯ ಆಶಯಕ್ಕೆ ಆ ಹೆಸರು. ಗಾಯಕ ಜೆರ್ರಿ ಗಾರ್ಸಿಯಾ ಇದನ್ನು ಒಂದು ನಿಘಂಟಿನಲ್ಲಿ ಕಂಡು ತಂಡಕ್ಕೆ ಇಟ್ಟರಂತೆ. ವಿದ್ಯುತ್ ಗಿಟಾರಿನ ತಂಡವೊಂದು ಅಜ್ಜಿಕಥೆಯ ಹೆಸರು ಹೊತ್ತು ತಿರುಗಿತು ಎಂಬುದೇ ನಮ್ಮಂಥವರಿಗೆ ಸೋಜಿಗದ ಸಂಗತಿ.

ಗಾರ್ಸಿಯಾ 1995ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತು ವರ್ಷಗಳಲ್ಲಿ, ಈ ತಂಡ 2,300ಕ್ಕೂ ಹೆಚ್ಚು ಕಚೇರಿಗಳನ್ನು ನಡೆಸಿತು. ನಿನ್ನೆ ಹಾಡಿದ ಕ್ರಮದಲ್ಲಿ ಇಂದು ಹಾಡುತ್ತಿರಲಿಲ್ಲ. ಒಂದೇ ಹಾಡು ಒಂದು ದಿನ ಐದು ನಿಮಿಷ, ಇನ್ನೊಂದು ದಿನ ಅರ್ಧ ಗಂಟೆ. ಅಭಿಮಾನಿಗಳು ಹಳೆಯ ವಾಹನಗಳಲ್ಲಿ ಬುತ್ತಿ ಕಟ್ಟಿಕೊಂಡು ಊರಿಂದೂರಿಗೆ ತಂಡದ ಹಿಂದೆಯೇ ಹೋಗುತ್ತಿದ್ದರು; ಕಚೇರಿ ನಡೆಯುವ ಬಯಲಿನ ಹೊರಗೆ ಬಿಡಾರ ಹೂಡಿ ಅಡುಗೆ ಮಾಡಿ ಹಂಚಿಕೊಂಡು ಉಣ್ಣುತ್ತಿದ್ದರು.

ಈ ವರ್ಣನೆಯನ್ನು ಓದುವಾಗ ಚಿಕ್ಕಲ್ಲೂರು ಜಾತ್ರೆಯನ್ನು ಕಂಡವರಿಗೆ ಏನು ನೆನಪಾಗುತ್ತದೆ? ಪುಷ್ಯಮಾಸದ ಹುಣ್ಣಿಮೆಗೆ ಚಂದ್ರಮಂಡಲೋತ್ಸವದಿಂದ ಆರಂಭವಾಗುವ ಐದು ದಿನಗಳ ಜಾತ್ರೆ ಅದು. ಸುತ್ತಣ ಜಿಲ್ಲೆಗಳಿಂದ ಗಾಡಿ, ಲಾರಿ, ಟ್ರ್ಯಾಕ್ಟರುಗಳಲ್ಲಿ ಬಂದ ಒಕ್ಕಲುಗಳು ಬಯಲಲ್ಲಿ ಬಿಡಾರ ಹೂಡುತ್ತಾರೆ. ಅಲ್ಲಲ್ಲಿ ತಂಬೂರಿಯ ದನಿ ಏಳುತ್ತದೆ. ಪಂಕ್ತಿಸೇವೆಯಂದು ಜಾತಿಯೆಣಿಸದೆ ಜನ ಒಟ್ಟಿಗೆ ಕೂತು ಉಣ್ಣುತ್ತಾರೆ. ಹಾಡಿನ ಮಾತಿಗೆ ಬಂದರೆ, ನೀಲಗಾರನೂ ಒಪ್ಪಿಸಿದ ಪಾಠವನ್ನೇ ಮತ್ತೆ ಒಪ್ಪಿಸುವವನಲ್ಲ. ಸೇರಿದ ಜನ, ಉಳಿದ ಹೊತ್ತು, ಮನೆಯವರ ಹರಕೆ ಇವುಗಳನ್ನು ನೋಡಿ ಕಥೆಯನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಮಾದೇಶ್ವರ ಕಾವ್ಯದ ‘ಸಾಲು’ಗಳದೂ ಇದೇ ಕ್ರಮ: ಒಂದು ರಾತ್ರಿಗೆ ಸಂಕಮ್ಮನ ಸಾಲು, ಇನ್ನೊಂದಕ್ಕೆ ಶ್ರವಣದೊರೆಯ ಸಾಲು.

ಆದುದರಿಂದ ಇಲ್ಲಿ ಸಮಾನಧರ್ಮಗಳು ಎರಡು: ಹಾಡು ಆ ಹೊತ್ತಿನಲ್ಲಿ ಹುಟ್ಟುವುದು, ಮತ್ತು ಕೇಳುವವರು ಒಂದು ಒಕ್ಕಲಾಗಿ ಮಾರ್ಪಡುವುದು. ಭೇದವನ್ನೂ ಹೇಳಬೇಕು. ಅಮೆರಿಕದ ಅಭಿಮಾನಿಯದು ತಾನಾಗಿ ಆರಿಸಿಕೊಂಡ ಬಳಗ. ಬೇಡವೆನಿಸಿದ ದಿನ ಬಿಟ್ಟುಹೋಗಬಹುದು. ನಮ್ಮಲ್ಲಿ ಒಕ್ಕಲುತನ ತಂದೆಯಿಂದ ಮಗನಿಗೆ ಬರುತ್ತದೆ. ದೀಕ್ಷೆ ಹರಕೆಯಿಂದ ಬರುತ್ತದೆ. ಅದರ ಗೌರವದ ಜೊತೆಗೆ ಭಾರವೂ ಬರುತ್ತದೆ.

ಮೂರನೆಯ ಜೋಡಿ: ಕಬ್ಬಿಣ

ಈ ಜೋಡಿಯನ್ನು ಆರಿಸಿದ್ದು ಸುಳ್ಳು ಹೋಲಿಕೆಗೂ ನಿಜ ಹೋಲಿಕೆಗೂ ಇರುವ ವ್ಯತ್ಯಾಸವನ್ನು ತೋರಿಸಲೆಂದೇ. ರಾಕ್ ಸಂಗೀತದಲ್ಲಿ ‘ಹೆವಿ ಮೆಟಲ್’ ಎಂಬ ಒಂದು ಕವಲಿದೆ. ಪದಶಃ ‘ಭಾರವಾದ ಲೋಹ’. 1968ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆರಂಭವಾದ ‘ಬ್ಲ್ಯಾಕ್ ಸಬ್ಬತ್’ ತಂಡವನ್ನು ಆ ಕವಲಿನ ಮೂಲಪುರುಷರೆಂದು ಹೇಳುವುದುಂಟು. ನಮ್ಮ ಮಂಟೇಸ್ವಾಮಿ ಕಾವ್ಯದಲ್ಲಿಯೂ ಲೋಹದ ಕಥೆಯಿದೆ. ಪಂಚಾಳರ ಮನೆಯಲ್ಲಿ ಹುಟ್ಟಿದ ಸಿದ್ಧಪ್ಪಾಜಿಯನ್ನು ಗುರುವು ಹಲಗೂರಿನ ಪಂಚಾಳರಲ್ಲಿಗೇ ಕಬ್ಬಿಣದ ಭಿಕ್ಷೆಗೆ ಕಳುಹಿಸುತ್ತಾನೆ. ಅವರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಆತ ಪವಾಡಗಳಿಂದ ಗೆಲ್ಲುತ್ತಾನೆ. ಅಲ್ಲಿಯೂ ಲೋಹ, ಇಲ್ಲಿಯೂ ಲೋಹ ಎಂದು ಕೈತಟ್ಟಿದರೆ ಅದು ಕೇವಲ ಪದಗಳ ಆಟ. ‘ಲೋಹ’ ಎಂಬ ಹೆಸರು ಸಮಾನ, ಧರ್ಮ ಸಮಾನವಲ್ಲ.

ಆದರೆ ಹೆಸರಿನ ಕೆಳಗೆ ಇಳಿದು ನೋಡೋಣ. ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಮುಂದೆ ತಂತಿಗಳನ್ನು ಸಡಿಲಿಸಿಕೊಂಡು ನುಡಿಸಿದರು. ಆ ಸಡಿಲ ತಂತಿಯಿಂದ ಬಂದ ತಗ್ಗಿನ, ಭಾರದ ನಾದವೇ ಒಂದು ಸಂಗೀತಶೈಲಿಯ ಗುರುತಾಯಿತು. 2025ರ ಜುಲೈ 5ರಂದು ಆ ತಂಡ ತನ್ನ ಕೊನೆಯ ಕಚೇರಿಯನ್ನು ನಡೆಸಿದ್ದೂ ಹುಟ್ಟಿದೂರಿನಲ್ಲಿಯೇ. ದುಡಿಯುವ ಕೈಗೆ ಆದ ಗಾಯ ಹಾಡಿನ ದನಿಯಾಯಿತು ಎಂಬುದು ಇಲ್ಲಿನ ಧರ್ಮ. ನೀಲಗಾರರ ಕಥೆಯಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಜನ ಮುಟ್ಟಲು ಹೇಸುವ ರೂಪದಲ್ಲಿ. ಬಾಗಿಲಲ್ಲಿ ತಡೆಯಲ್ಪಟ್ಟವನೇ ಒಳಗಿನವರ ಭಕ್ತಿಯನ್ನು ಪರೀಕ್ಷಿಸುತ್ತಾನೆ. ಅವಮಾನವೇ ಅಧಿಕಾರವಾಗಿ ತಿರುಗುವ ಈ ಕ್ಷಣವನ್ನು ಹಾಡುವಾಗ ಗಾಯಕನ ದನಿಗೆ ಬರುವ ಕಾವು ಬೇರೆ. ಆದುದರಿಂದ ಈ ಜೋಡಿಯನ್ನು ಉಳಿಸುವುದಾದರೆ ‘ಲೋಹ’ವನ್ನು ಬಿಟ್ಟು ‘ಗಾಯ’ದ ಮೇಲೆ ಉಳಿಸಬೇಕು.

ನಾಲ್ಕನೆಯ ಜೋಡಿ: ಹಾಡು ಯಾರದು?

ರಾಕ್ ಸಂಗೀತದ ಬೇರು ‘ಬ್ಲೂಸ್’. ಗುಲಾಮಗಿರಿಯಲ್ಲಿ ನೊಂದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು ಹಾಡಿದ ಹಾಡು ಅದು. 1968ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 1980ರವರೆಗೆ ಮೆರೆದ ‘ಲೆಡ್ ಜೆಪ್ಪೆಲಿನ್’ ತಂಡ ಈ ಬೇರಿನಿಂದ ಧಾರಾಳವಾಗಿ ನೀರು ಕುಡಿಯಿತು. ಚಿಕಾಗೋದ ಬ್ಲೂಸ್ ಕವಿ ವಿಲ್ಲಿ ಡಿಕ್ಸನ್, ತಾವು ಬರೆದ ಸಾಲುಗಳು ಈ ತಂಡದ ಪ್ರಸಿದ್ಧ ಹಾಡೊಂದರಲ್ಲಿ ಸೇರಿವೆಯೆಂದು 1985ರಲ್ಲಿ ದಾವೆ ಹೂಡಿದರು. 1987ರಲ್ಲಿ ರಾಜಿಯಾಯಿತು, ಆ ಹಾಡಿನ ಕರ್ತೃಗಳ ಸಾಲಿನಲ್ಲಿ ಡಿಕ್ಸನ್ನರ ಹೆಸರೂ ಸೇರಿತು.

ಇದರ ಎದುರಿಗೆ ನಮ್ಮ ಸಂಪ್ರದಾಯವನ್ನು ಇಡೋಣ. ವಚನಕಾರರಿಂದ ಹಿಡಿದು ಶಿಶುನಾಳ ಶರೀಫರವರೆಗೆ (1819–1889) ನಮ್ಮ ಹಾಡುಗಾರರು ಹಾಡಿನ ಕೊನೆಗೆ ಇಟ್ಟಿದ್ದು ತಮ್ಮ ಹೆಸರನ್ನಲ್ಲ, ದೈವದ ಅಂಕಿತವನ್ನು. ನೀಲಗಾರನಿಗಂತೂ ಆ ಯೋಚನೆಯೇ ಇಲ್ಲ. ಹಾಡು ಗುರುವಿನದು, ತಾನು ಬರೀ ಬಾಯಿ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ತಂಡ 2008ರಲ್ಲಿ ಹೊರತಂದ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಪದಗಳಿಗೆ ಗಿಟಾರು, ಡ್ರಮ್ಮುಗಳನ್ನು ಜೋಡಿಸಿತು. ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ಅವರನ್ನು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಜನ ಕೇಳಿದರು. ಅವರ ಸೋದರ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ಬೆಂಗಳೂರಿನ ಇನ್ನೊಂದು ಹೆಸರಾಂತ ಜನಪದ-ರಾಕ್ ತಂಡ. ಅದಕ್ಕೂ ಮೊದಲು, 1996ರ ‘ಜನುಮದ ಜೋಡಿ’ ಚಿತ್ರದ ಮೂಲಕ ಕಂಸಾಳೆಯವರ ಮಾದಪ್ಪನ ಹಾಡೊಂದು ನಾಡಿನ ಮನೆಮನೆಗೆ ತಲುಪಿತು. ಇವೆಲ್ಲ ಸಂತೋಷದ ಸಂಗತಿಗಳೇ. ಶರೀಫರ ಹೆಸರು ನಮಗೆ ಗೊತ್ತಿರುವುದರಿಂದ ಅದನ್ನು ಹೇಳಲು ಸಾಧ್ಯ. ಹೆಸರಿಲ್ಲದ ಬಾಯಿಗಳಿಂದ ಬಂದ ಹಾಡಿನ ಎದುರಿಗೆ ಮಾತ್ರ ‘ಜನಪದ’ ಎಂಬ ಒಂದೇ ಪದ ಬರೆಯುವುದು ರೂಢಿ. ಆ ಪದ ವಿನಯದ್ದೂ ಹೌದು, ಮರೆವಿನದ್ದೂ ಹೌದು. ಹೆಸರು ಬೇಡವೆಂದವನ ಹಿರಿಮೆಯನ್ನು ಹೊಗಳುತ್ತಲೇ ಅವನ ಪಾಲಿನ ರಾಗಿಯನ್ನೂ ಮರೆತುಬಿಡುವ ಅಪಾಯ ಇಲ್ಲಿದೆ.

ಉಪಮಾನ ಯಾರು?

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯ ವಿಷಯಕ್ಕೆ ಬರುತ್ತೇನೆ. ಉಪಮೆಯಲ್ಲಿ ಉಪಮಾನವೇ ಹೆಚ್ಚಿನದೆಂದು ಅಲಂಕಾರಶಾಸ್ತ್ರ ಹೇಳುತ್ತದೆ. ಮುಖವನ್ನು ಚಂದ್ರನಿಗೆ ಹೋಲಿಸುವುದು ಚಂದ್ರ ಹೆಚ್ಚಿನವನೆಂಬ ನಂಬಿಕೆಯಿಂದ. “ನೀಲಗಾರರು ನಮ್ಮ ಕಾಲದ ರಾಕ್ ತಂಡದಂತೆ” ಎಂದು ಯಾರಾದರೂ ಹೇಳಿದರೆ, ಅದು ಹೊಗಳಿಕೆಯಂತೆ ಕೇಳಿಸಿದರೂ ರಾಕ್ ತಂಡವನ್ನು ಚಂದ್ರನ ಜಾಗದಲ್ಲಿ ಕೂರಿಸುತ್ತದೆ. ತಂಬೂರಿಗೆ ಬೆಲೆ ಬರಬೇಕಾದರೆ ಗಿಟಾರಿನ ಹೆಸರು ಹೇಳಬೇಕು ಎಂದಾಗುತ್ತದೆ.

ಇದು ಬರಿಯ ಶಾಸ್ತ್ರದ ಮಾತಲ್ಲ. ನಾನು ಕಂಡ ಒಂದು ಸಮಾರಂಭದಲ್ಲಿ ತಂಬೂರಿಯ ಹಿರಿಯರನ್ನು ‘ಪ್ರಾರ್ಥನೆ’ಗೆಂದು ಕರೆಸಿ ಹತ್ತು ನಿಮಿಷಕ್ಕೆ ಕೆಳಗಿಳಿಸಿದರು, ಅನಂತರದ ಎರಡು ಗಂಟೆ ಧ್ವನಿವರ್ಧಕದ ವಾದ್ಯಗೋಷ್ಠಿಗೆ ಮೀಸಲಾಯಿತು. ರಾತ್ರಿಗಟ್ಟಲೆ ಹಾಡಬಲ್ಲವನಿಗೆ ಹತ್ತು ನಿಮಿಷ ಕೊಡುವುದೆಂದರೆ ಹೊಳೆಯನ್ನು ಚೊಂಬಿನಲ್ಲಿ ತೋರಿಸಿ ಎಂದ ಹಾಗೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನಂಥವರು ಈ ಸಾಲಿನಲ್ಲಿ ಹಲವರಿದ್ದಾರೆ. ನಮ್ಮಲ್ಲಿ ಕೆಲವರು ಅಜ್ಜನ ತಂಬೂರಿಯನ್ನು ಅಟ್ಟದ ಮೇಲೆ ಇಟ್ಟು ಬಂದಿದ್ದೇವೆ, ಯಾರೂ ನೋಡದಿರಲಿ ಎಂದು. ಕಂತೆಭಿಕ್ಷೆಗೆ ಬಂದವರೆಂದು ಊರು ಕರೆದದ್ದರ ನೆನಪು ಆ ವಾದ್ಯಕ್ಕೆ ಅಂಟಿಕೊಂಡಿದೆ. ಆದುದರಿಂದ ಅದನ್ನು ಇಟ್ಟುಬಂದವರನ್ನು ದೂಷಿಸುವುದು ನ್ಯಾಯವಲ್ಲ. ಅವಮಾನದಿಂದ ಪಾರಾಗಲೆಂದೇ ತಂದೆತಾಯಿಗಳು ನಮ್ಮನ್ನು ಓದಲು ಕಳುಹಿಸಿದರು. ಆದರೆ ಅವಮಾನವನ್ನು ಬಿಡುವಾಗ ಕಾವ್ಯವನ್ನೂ ಬಿಡಬೇಕೇ ಎಂಬುದು ಪ್ರಶ್ನೆ.

ಅಲಂಕಾರಶಾಸ್ತ್ರದಲ್ಲಿ ಇದಕ್ಕೂ ಒಂದು ದಾರಿಯಿದೆ. ಅದರ ಹೆಸರು ಪ್ರತೀಪ. ಪ್ರಸಿದ್ಧವಾದ ಉಪಮಾನವನ್ನೇ ಉಪಮೇಯವಾಗಿ ಮಾಡುವುದು, ಚಂದ್ರನನ್ನೇ ಮುಖಕ್ಕೆ ಹೋಲಿಸುವುದು. ಅದರಂತೆ ಗ್ರೇಟ್‌ಫುಲ್ ಡೆಡ್ ತಂಡದವರನ್ನು ಕ್ಯಾಲಿಫೋರ್ನಿಯಾದ ನೀಲಗಾರರು ಎಂದು ಕರೆದು ನೋಡೋಣ. ಬೀಟಲ್ಸರು 1966ರಲ್ಲಿ ತಂಬೂರಿಯ ದಾರಿಗೆ ಬಂದರು ಎಂದು ಹೇಳಿ ನೋಡೋಣ. ಸಂಗತಿಗಳು ಒಂದೂ ಬದಲಾಗಲಿಲ್ಲ. ನಾವು ನಿಂತು ನೋಡುವ ಜಾಗ ಮಾತ್ರ ಬದಲಾಯಿತು. ಮೈಸೂರು–ಊಟಿ ರಸ್ತೆಯ ಬೇಗೂರಿನಲ್ಲಿ ನಿಂತು ಲೋಕವನ್ನು ಅಳೆಯಬಹುದು ಎಂಬ ಧೈರ್ಯ ಬಂದಿತು. ಅಸಂಭವವೆಂದು ಕಾಣುವ ಹೋಲಿಕೆಯಿಂದ ಇಷ್ಟು ಪ್ರಯೋಜನವಾದರೆ ಸಾಲದೇ?

ಕಡೆಯದಾಗಿ ಒಂದು ಕೆಲಸದ ಮಾತು. ಗ್ರೇಟ್‌ಫುಲ್ ಡೆಡ್ ತಂಡದವರು ಅಭಿಮಾನಿಗಳು ಕಚೇರಿಯನ್ನು ಟೇಪಿನಲ್ಲಿ ಹಿಡಿದುಕೊಳ್ಳುವುದನ್ನು ತಡೆಯಲಿಲ್ಲ. 1984ರಿಂದ ಅದಕ್ಕೆಂದೇ ಬೇರೆ ಜಾಗ ಮಾಡಿಕೊಟ್ಟರು. 1977ರ ಮೇ 8ರಂದು ಅವರು ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಹಾಡಿದ ಕಚೇರಿಯ ಮುದ್ರಣ ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿ ಸೇರಿದೆ. ಈಗ ನಮ್ಮಲ್ಲಿ ಬಹುಮಂದಿಯ ಜೇಬಿನಲ್ಲಿ ಆ ಕಾಲದ ಟೇಪಿನ ಪೆಟ್ಟಿಗೆಗಿಂತ ಉತ್ತಮವಾದ ಯಂತ್ರವಿದೆ. ಬೇಸಗೆಯ ರಜದಲ್ಲಿ ಒಬ್ಬೊಬ್ಬರು ತಮ್ಮ ಊರಿನ, ಇಲ್ಲವೆ ಪಕ್ಕದ ಊರಿನ ಒಬ್ಬ ಹಿರಿಯ ಗಾಯಕರ ಬಳಿ ಹೋಗಿ, ಅವರ ಒಪ್ಪಿಗೆ ಪಡೆದು, ಒಂದು ಸಾಲನ್ನಾದರೂ ಪೂರ್ತಿಯಾಗಿ ಮುದ್ರಿಸಿಕೊಂಡು ಬರೋಣ. ಗಾಯಕರ ಹೆಸರು, ಹಿಮ್ಮೇಳದವರ ಹೆಸರು, ಊರು, ತಾರೀಖು, ಯಾರಿಂದ ಕಲಿತರು ಎಂಬುದು, ಇವಿಷ್ಟನ್ನು ಬರೆದಿಡೋಣ. ‘ಜನಪದ’ ಎಂದು ಬರೆಯುವ ಜಾಗದಲ್ಲಿ ನಾಳೆ ಒಂದು ಹೆಸರನ್ನು ಬರೆಯಲು ಅದರಿಂದ ಸಾಧ್ಯವಾಗುತ್ತದೆ. ಕಾಲೇಜಿನ ಪುಸ್ತಕ ಭಂಡಾರದಲ್ಲಿ ಅದಕ್ಕೆ ಒಂದು ಮೂಲೆಯನ್ನು ಗುರುಗಳು ಒದಗಿಸಿಕೊಡುವರೆಂಬ ನಂಬಿಕೆ ನನಗಿದೆ. ಹತ್ತು ನಿಮಿಷವಲ್ಲ, ಇಡೀ ರಾತ್ರಿಯ ಹಾಡು ಅಲ್ಲಿರಲಿ.